ಸೊಸಾಯಟಿ ಅಕ್ಕೋರು

ಎಂ.ಎ. ಓದುತ್ತಿದ್ದ ಎರಡು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಎದುರಿಸಿದ ಪ್ರಶ್ನೆ ಪರೀಕ್ಷೆಯದ್ದಲ್ಲ. "ಯಾವ ಸಮಾಜದ್ದು?" ಎಂಬುದು. ಏನು ಓದುತ್ತೀ ಎಂದು ಯಾರಾದರೂ ಕೇಳಬೇಕು, ಸಮಾಜಶಾಸ್ತ್ರ ಎಂದು ನಾನು ಹೇಳಬೇಕು, ಅವರು ತಲೆಯನ್ನು ಒಂದಿಷ್ಟು ಹತ್ತಿರ ತಂದು, ದನಿ ತಗ್ಗಿಸಿ, "ಯಾವ ಸಮಾಜದ್ದು?" ಎನ್ನಬೇಕು. ನಮ್ಮ ಕಡೆ ಸಮಾಜ ಎಂದರೆ ಜಾತಿ. ಜಾತಿ ಎನ್ನಲು ನಾಚಿಕೊಳ್ಳುವವರೆಲ್ಲ ಸಮಾಜ ಎನ್ನುತ್ತಾರೆ. ನಮ್ಮ ಸಮಾಜದ ಹುಡುಗ, ಅವರ ಸಮಾಜದ ಓಣಿ, ಇವರ ಸಮಾಜದ ಪದ್ಧತಿ. ಹೀಗಿರುವಾಗ ಒಬ್ಬ ಹುಡುಗಿ ಮನೆ ಬಿಟ್ಟು, ಹಾಸ್ಟೆಲಿನ ಸಾರು ಕುಡಿದು, ಎರಡು ವರ್ಷ ಸಮಾಜದ ಶಾಸ್ತ್ರವನ್ನು ಓದುತ್ತಾಳೆಂದರೆ ಅದು ಯಾರದೋ ಒಬ್ಬರ ಜಾತಿಯದೇ ಇರಬೇಕಲ್ಲ. ಶಿರಹಟ್ಟಿಯ ನಮ್ಮ ಓಣಿಯ ಅಜ್ಜಿಯೊಬ್ಬಳಂತೂ ಸಮಾಜವನ್ನು ಬಿಟ್ಟು ಶಾಸ್ತ್ರವನ್ನಷ್ಟೇ ಹಿಡಿದಳು. ಮೊಮ್ಮಗಳ ಅಂಗೈಯನ್ನು ನನ್ನ ಮುಂದೆ ಚಾಚಿಸಿ, "ಈ ವರ್ಷರ ಇಕಿಗೆ ಕಂಕಣ ಕೂಡತೈತೇನ ನೋಡವಾ" ಎಂದಳು. ನನಗೆ ಬಂದ ಸಿಟ್ಟಿಗೆ ಆ ಹುಡುಗಿಯ ಮದುವೆ ಹತ್ತು ವರ್ಷ ಆಗುವುದಿಲ್ಲ ಎಂದು ಹೇಳಿಬಿಡುತ್ತಿದ್ದೆ. ಅವ್ವ ಎದುರಿಗಿದ್ದಳು ಎಂದು ಸುಮ್ಮನಾದೆ.

ನಿಜ ಹೇಳಬೇಕೆಂದರೆ ನಾನು ಸಮಾಜಶಾಸ್ತ್ರಕ್ಕೆ ಹೋದದ್ದು ಸೀಮೆಎಣ್ಣೆಯ ದೆಸೆಯಿಂದ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಬೆಟಗೇರಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಗದಗಿನಲ್ಲಿ ಬಿ.ಎ. ಮುಗಿಸುತ್ತಿದ್ದೆ. ವಾರಕ್ಕೊಮ್ಮೆ ಡಬ್ಬಿ ಹಿಡಿದು ಪಾಳಿಯಲ್ಲಿ ನಿಲ್ಲುವುದು ನನ್ನ ಪಾಲಿನ ಕೆಲಸ. ಬಿಸಿಲಿಗೆ ಡಬ್ಬಿ ಕಾಯುತ್ತಿತ್ತು, ನನ್ನ ತಲೆಯೂ ಕಾಯುತ್ತಿತ್ತು. ಎಣ್ಣೆ ಯಾಕಿಲ್ಲ ಎಂದರೆ ಕೊಡುವವನು "ಮ್ಯಾಲಿಂದನ ಬಂದಿಲ್ಲ" ಎನ್ನುತ್ತಿದ್ದ. ಮೇಲೆ ಎಂದರೆ ಎಲ್ಲಿ? ವಾಚನಾಲಯಕ್ಕೆ ಹೋಗಿ ಪೇಪರು ತೆಗೆದರೆ ಸಮುದ್ರದಾಚೆಯ ಮರಳುನಾಡುಗಳ ಸುದ್ದಿ: ಅಲ್ಲಿ ಗದ್ದಲ, ಅಲ್ಲಿ ಎಣ್ಣೆಗೆ ತಡೆ, ಜಗತ್ತಿಗೆಲ್ಲ ಬಿಕ್ಕಟ್ಟು. ನಾವು ಕಂಡು ಕೇಳರಿಯದ ಯಾರೋ ಅಲ್ಲಿ ಮುನಿಸಿಕೊಂಡರೆ ಬೆಟಗೇರಿಯ ಮಗ್ಗದ ಮನೆಯ ಕಂದೀಲು ಯಾಕೆ ಆರಬೇಕು? ಈ ಎರಡು ತುದಿಗಳ ನಡುವೆ ಏನೇನಿದೆ ಎಂದು ಹೇಳಿಕೊಡುವ ವಿದ್ಯೆಯೊಂದು ಇರಲೇಬೇಕು ಎಂದು ನನಗನಿಸಿತು. ಕಾಲೇಜಿನಲ್ಲಿ ಕೇಳಿದೆ. ಅಂಥದ್ದು ಸಮಾಜಶಾಸ್ತ್ರ ಎಂದರು. ಮನೆಯಲ್ಲಿ ಹದಿನೈದು ದಿನ ಜಗಳಾಡಿ, ಊಟ ಬಿಟ್ಟು, ಕೊನೆಗೆ ಅಪ್ಪನ ಒಪ್ಪಿಗೆ ಪಡೆದು ವಿಶ್ವವಿದ್ಯಾಲಯಕ್ಕೆ ಹೋದೆ.

ಹೋಗಿ ಏನು ಕಲಿತೆ? ಸಮಾಜ ಎಂದರೇನು ಎಂಬುದಕ್ಕೆ ಒಂಬತ್ತು ವ್ಯಾಖ್ಯೆಗಳು. ಮೊದಲ ತಿಂಗಳೆಲ್ಲ ನಮ್ಮ ಪ್ರಾಧ್ಯಾಪಕರು ಅವನ್ನೇ ಬರೆಸಿದರು. ಪೂರ್ಣವಿರಾಮವನ್ನೂ ಬಿಡದೆ ಹೇಳುತ್ತಿದ್ದರು. ಐದನೆಯ ವ್ಯಾಖ್ಯೆ ಮುಗಿದ ದಿನ ನಾನು ಎದ್ದು ನಿಂತು, ಜಗತ್ತಿನ ಬಿಕ್ಕಟ್ಟುಗಳ ಬಗ್ಗೆ ಯಾವಾಗ ಹೇಳುತ್ತೀರಿ ಎಂದು ಕೇಳಿದೆ. ಮುಂದೆ ನನ್ನ ಪ್ರಬಂಧಕ್ಕೆ ಮಾರ್ಗದರ್ಶಕರಾದವರೂ ಇವರೇ. ಕನ್ನಡಕ ತೆಗೆದು ಒರೆಸಿಕೊಂಡರು.

"ಜಗತ್ತು ನಮ್ಮ ಸಿಲೆಬಸ್‌ನ್ಯಾಗ ಇಲ್ಲವಾ. ಕುಟುಂಬ ಐತಿ. ಅದನ್ನ ಮಾಡು."

ಇಡೀ ವರ್ಗ ನಕ್ಕಿತು. ನನಗೆ ನಗು ಬರಲಿಲ್ಲ. ಆದರೆ ಹಟ ಬಂತು. ಎರಡನೆಯ ವರ್ಷ ಪ್ರಬಂಧ ಬರೆಯುವಾಗ ಜಗತ್ತನ್ನೂ ಕುಟುಂಬವನ್ನೂ ಗಂಟು ಹಾಕಿ ಒಯ್ದೆ: ಸೀಮೆಎಣ್ಣೆಯ ಅಭಾವದಿಂದ ಕುಟುಂಬಗಳಲ್ಲಾದ ಬದಲಾವಣೆ. ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ. ನಾಲ್ಕು ಕಡೆ ಸೇರಿ ನೂರು ಮನೆ. ಅವರು ಒಪ್ಪಿದರು, ಆದರೆ ಪ್ರಶ್ನೆಯ ಹಾಳೆಯನ್ನು ತಾವೇ ತಿದ್ದಿದರು. ಮೊದಲ ಸಾಲು: ಸಮಾಜ. ಎರಡನೆಯದು: ಕುಟುಂಬದ ಯಜಮಾನನ ಹೆಸರು. ಹತ್ತನೆಯ ಸಾಲಿಗೆ ಬಂದರೆ ಸೀಮೆಎಣ್ಣೆ. ಜೊತೆಗೊಂದು ನಿಯಮ ಹೇಳಿಕೊಟ್ಟರು. ಒಂದು ತಲಬಾಗಿಲಿಗೆ ಒಂದು ಕುಟುಂಬ, ಒಳಗಿನ ಹಿರಿಯ ಗಂಡಸು ಯಜಮಾನ; ಯಾರು ಏನೇ ಹೇಳಲಿ, ಹಾಳೆ ಕೆಡಿಸಬೇಡ.

ಬೆಟಗೇರಿಯಲ್ಲಿ ಮೊದಲ ಮನೆಯಲ್ಲೇ ಮುಖಭಂಗವಾಯಿತು. ನೇಕಾರರೊಬ್ಬರು ಮಗ್ಗ ನಿಲ್ಲಿಸದೆ ನನ್ನ ಮಾತು ಕೇಳಿಸಿಕೊಂಡರು. ಸಮಾಜದ ಅಧ್ಯಯನ ಎಂದದ್ದೇ ಲಾಳಿ ನಿಂತಿತು.

"ನಮ್ಮ ಸಮಾಜದ ಶಾಸ್ತ್ರ ಹೇಳಾಕ ನಮ್ಮ ಸ್ವಾಮಿಗಳದಾರ. ನಿಮಗ್ಯಾಕ ಬೇಕವಾ ಅದು?"

ಅವರ ಹೆಂಡತಿ ನೀರು ಕೊಟ್ಟಳು, ನನ್ನ ಸಮಾಜ ಕೇಳಿದಳು, ನಂತರ ನಮ್ಮ ಪೈಕಿ ಯಾರಾದರೂ ವರ ಇದ್ದಾರೆಯೇ ಎಂದೂ ಕೇಳಿದಳು. ಸೀಮೆಎಣ್ಣೆಯ ಪ್ರಶ್ನೆಗೆ ನಾನು ತಲುಪುವಷ್ಟರಲ್ಲಿ ಅವರಿಗೆ ಊಟದ ಹೊತ್ತಾಗಿತ್ತು. ಹೀಗೇ ಇಪ್ಪತ್ತೈದು ಮನೆ.

ಮುಂಡರಗಿಯಲ್ಲಿ ಇನ್ನೂ ಚಂದ. ಮೊದಲ ದಿನ ಆರು ಮನೆ ಮುಗಿಸಿದ್ದೆ. ಮರುದಿನ ಬೆಳಿಗ್ಗೆ ನಾನು ಉಳಿದಿದ್ದ ಮನೆಯ ಕಟ್ಟೆಗೆ ಹಿರಿಯರೊಬ್ಬರು ಬಂದು ಕೂತರು. ತಮ್ಮ ಸಮಾಜದ ಎಲ್ಲ ಮನೆಗಳ ಪಟ್ಟಿ ತಂದಿದ್ದರು, ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಸಾಲು ಸಾಲಾಗಿ. ಅವರು ಎದ್ದು ಹೋಗುವುದರೊಳಗೆ ಇನ್ನೊಂದು ಸಮಾಜದ ಹಿರಿಯರು ಬಂದರು. ಮಧ್ಯಾಹ್ನ ಮೂರನೆಯವರು ಬಂದದ್ದು ಪಟ್ಟಿ ಕೊಡಲಿಕ್ಕಲ್ಲ, ಜಗಳಕ್ಕೆ. ನಿನ್ನೆ ಆರು ಮನೆಯೊಳಗೆ ನಾಲ್ಕು ಅವರ ಕಡೆಯವೇ ಯಾಕೆ, ನಾವೇನು ಚಿಮಣಿ ಎಣ್ಣೆ ಹಚ್ಚುವುದಿಲ್ಲವೇ ಎಂದು.

"ಎಣ್ಣಿ ಇನ್ನ ಮ್ಯಾಲೆ ಸಮಾಜದ ಪ್ರಕಾರ ಹಂಚತಾರಂತ, ಖರೆ ಏನ್ರಿ?" ಎಂದು ಅವರು ಕೇಳಿದಾಗ ನಾನು ಹಣೆ ಚಚ್ಚಿಕೊಂಡೆ. ಇದು ಸರಕಾರದ್ದಲ್ಲ, ನನ್ನ ಓದಿನದು, ಇದರಿಂದ ಯಾರಿಗೂ ಒಂದು ಹನಿ ಎಣ್ಣೆಯೂ ಬರುವುದಿಲ್ಲ ಎಂದು ಗಂಟಲು ಹರಿಯುವಂತೆ ಹೇಳಿದೆ. ಅವರು ಬಹಳ ಮರ್ಯಾದೆಯಿಂದ ಕೇಳಿಸಿಕೊಂಡು, ಹೋಗುವಾಗ ತಮ್ಮ ಪಟ್ಟಿಯನ್ನೂ ಇಟ್ಟು ಹೋದರು.

ಲಕ್ಷ್ಮೇಶ್ವರ ಕೊನೆಗುಳಿದಿತ್ತು. ಆ ಹೊತ್ತಿಗೆ ಸಮಾಜ ಎಂಬ ಮೂರಕ್ಷರ ಕಂಡರೆ ನನಗೆ ಮೈ ಉರಿಯುತ್ತಿತ್ತು. ಬಸ್ಸಿನಲ್ಲಿ ಕೂತಾಗ ಒಂದು ಉಪಾಯ ಹೊಳೆಯಿತು. ಆ ಹಾಳು ಪದವನ್ನೇ ಬಿಟ್ಟರಾಯಿತಲ್ಲ! ಇಂಗ್ಲಿಷಿನಲ್ಲಿ ಸೊಸೈಟಿ ಎಂದರೆ ಯಾರಿಗೂ ಜಾತಿ ನೆನಪಾಗುವುದಿಲ್ಲ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಲಕ್ಷ್ಮೇಶ್ವರದ ಮೊದಲ ಮನೆಯಲ್ಲಿ, "ನಾನು ಸೊಸೈಟಿ ಬಗ್ಗೆ ಅಭ್ಯಾಸ ಮಾಡಾಕತ್ತೀನ್ರಿ" ಎಂದೆ. ಯಾರೂ ದನಿ ತಗ್ಗಿಸಲಿಲ್ಲ. ಯಾರೂ ನನ್ನ ಜಾತಿ ಕೇಳಲಿಲ್ಲ. ಚಾಪೆ ಹಾಸಿದರು, ಚಹಾ ಇಟ್ಟರು, ಕೇಳದ ಪ್ರಶ್ನೆಗೂ ಉತ್ತರ ಕೊಟ್ಟರು. ಎರಡು ದಿನಕ್ಕೆ ಹದಿನೆಂಟು ಹಾಳೆ ತುಂಬಿದವು. ನನಗೆ ಹೊಳೆಯದೇ ಹೋದದ್ದು ಒಂದೇ. ನಮ್ಮ ಕಡೆ ಸೊಸಾಯಟಿ ಎಂದರೆ ರೇಶನ್ ಅಂಗಡಿ. ಅಕ್ಕಿ, ಸಕ್ಕರೆ, ಚಿಮಣಿ ಎಣ್ಣೆ ಕೊಡುವ ಜಾಗ. ಎಷ್ಟು ವಾರ ಡಬ್ಬಿ ಹಿಡಿದು ಅದರ ಮುಂದೆ ನಿಂತಿದ್ದೆನೋ, ಒಂಬತ್ತು ವ್ಯಾಖ್ಯೆ ಬರೆದುಕೊಂಡ ಮೇಲೆ ಅದು ನನ್ನ ತಲೆಗೇ ಬರಲಿಲ್ಲ. ಕಾಗದ-ಪೆನ್ನು ಹಿಡಿದ ಹೆಣ್ಣುಮಗಳು ನಮ್ಮಲ್ಲಿ ಹೇಗೂ ಅಕ್ಕೋರು, ಅಂದರೆ ಶಾಲೆ ಕಲಿಸುವವಳು. ಓಣಿಯವರು ಎರಡನ್ನೂ ಸೇರಿಸಿ ನನ್ನನ್ನು ಸೊಸಾಯಟಿ ಅಕ್ಕೋರು ಎಂದು ಕರೆಯತೊಡಗಿದರು. ಬಿರುದು ಕಿವಿಗೆ ಬಿದ್ದಾಗ ತಿದ್ದಬೇಕಿತ್ತು. ಮುಂಡರಗಿಯಲ್ಲಿ ಕೂಗಿ ಕೂಗಿ ಸೋತಿದ್ದ ಗಂಟಲು, ಹೋಗಲಿ ಬಿಡು ಎಂದಿತು.

ಮೂರನೆಯ ದಿನ ಒಂದು ಮನೆಯಲ್ಲಿ ಚಾಚಿ ಸಿಕ್ಕಳು. ಓಣಿಯವರೆಲ್ಲ ಆಕೆಯನ್ನು ಚಾಚಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆ ಮೈದುನನದು, ಕಾರ್ಡೂ ಅವನ ಹೆಸರಿನದು. ಆ ಮನೆಯ ಹಿಂದಿನ ಕೋಣೆಯಲ್ಲಿ ಆಕೆ ಒಂದು ಪಂಪ್ ಸ್ಟೋವ್ ಇಟ್ಟುಕೊಂಡು, ಮಿರ್ಚಿ ಭಜಿ ಕರಿದು, ಸಂಜೆ ಶಾಲೆ ಬಿಡುವ ಹೊತ್ತಿಗೆ ಮಾರುತ್ತಿದ್ದಳು. ಎಣ್ಣೆಯನ್ನು ಅಲ್ಲಿ ಇಲ್ಲಿ ಬೇಡಿ, ಮೈದುನ ತನ್ನ ಪಾಲಿನಲ್ಲಿ ಒಂದಿಷ್ಟು ಕೊಟ್ಟರೆ ಅದನ್ನೂ ಸೇರಿಸಿ ದಿನ ದೂಡುತ್ತಿದ್ದಳು. ನನ್ನನ್ನು ಕಂಡದ್ದೇ ಕೈಹಿಡಿದು ಸ್ಟೋವಿನ ಪಕ್ಕ ಕೂರಿಸಿ, ಬಿಸಿ ಭಜಿ ಮುಂದಿಟ್ಟಳು.

"ತಂಗಿ, ನನ್ನ ಹೆಸರ ಬ್ಯಾರೆ ಬರಿ" ಎಂದಳು. "ಮನಿ ಒಂದ ಆದರೂ ನನ್ನ ಒಲಿ ಬ್ಯಾರೆ ಐತಿ. ಒಲಿ ಬ್ಯಾರೆ ಆದ ದಿನಾನ ಸಂಸಾರ ಬ್ಯಾರೆ ಆತು. ಯಾರನ್ನ ಬೇಕಾದರೂ ಕೇಳು."

ನಾನು ಹಾಳೆ ನೋಡಿದೆ. ಕುಟುಂಬದ ಯಜಮಾನನ ಹೆಸರು. ಒಂದು ತಲಬಾಗಿಲು, ಹಿರಿಯ ಗಂಡಸು. ಹಾಳೆ ಕೆಡಿಸಬೇಡ.

"ಹಂಗ ಬರ್ಯಾಕ ಬರೂದಿಲ್ಲ ಚಾಚಿ."

"ಯಾಕ ಬರೂದಿಲ್ಲ? ಅವರ ಒಲಿ ಮ್ಯಾಲಿದ್ದಾಗ ನಾ ಅವರ ಮನಿ ಆಳಾಗಿದ್ದೆ. ಈಗ ನನ್ನ ಉಪ್ಪು ನಂದು, ನನ್ನ ಎಣ್ಣಿ ನಂದು. ಒಂದ ಕಾರ್ಡು ನನ್ನ ಹೆಸರಿಗೆ ಆತಂದ್ರ ಸಾಕು, ನಾ ಯಾರ ಕೈನೂ ನೋಡೂದಿಲ್ಲ."

ಆಕೆ ಹೇಳುತ್ತಿದ್ದದ್ದು ನಾನು ವಿಶ್ವವಿದ್ಯಾಲಯದಲ್ಲಿ ಬರೆದುಕೊಂಡ ಯಾವ ವ್ಯಾಖ್ಯೆಗಿಂತಲೂ ಸರಿಯಾಗಿತ್ತು. ಇಂದು ಹೀಗೆ ಹೇಳುವುದು ಸುಲಭ. ಅಂದು ನನ್ನ ತಲೆಯಲ್ಲಿದ್ದದ್ದು ಮೂರು ಗಂಟೆಯ ಬಸ್ಸು. ಡೀಸೆಲ್ ಇಲ್ಲವೆಂದು ಅದರ ಮುಂದಿನದನ್ನು ರದ್ದು ಮಾಡಿದ್ದರು. ಜಗತ್ತಿನ ಬಿಕ್ಕಟ್ಟು ಲಕ್ಷ್ಮೇಶ್ವರದ ನಿಲ್ದಾಣಕ್ಕೂ ಬಂದು ಕೂತಿತ್ತು. ಹಸಿವು, ಸೆಕೆ, ಇನ್ನೂ ಆರು ಹಾಳೆ ಬಾಕಿ. ನನಗೆ ರೇಗಿತು.

"ಇದೇನ ಸರಕಾರದ ಕಾಗದ ಅಲ್ಲ ಚಾಚಿ, ಹೆಂಗ ಬರದರ ಏನಾತು? ಆತು, ಬರೀತೀನಿ ತಡೀರಿ" ಎಂದು, ಯಜಮಾನನ ಜಾಗದಲ್ಲಿ ಮೈದುನನ ಹೆಸರು ಬರೆದೆ. ಕೆಳಗೆ, ಇತರ ಸದಸ್ಯರು ಎಂಬಲ್ಲಿ, ಅಣ್ಣನ ವಿಧವೆ, ಒಬ್ಬಳು, ಎಂದು ಬರೆದೆ.

ಆಕೆಗೆ ಓದಲು ಬರುತ್ತಿರಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು, "ಬರದೇನು? ನನ್ನ ಹೆಸರ ಎಲ್ಲೈತಿ?" ಎಂದು ಕೇಳಿದಳು.

ನಾನು ಇತರ ಸದಸ್ಯರ ಸಾಲಿನ ಮೇಲೆ ಆಕೆಯ ಬೆರಳನ್ನು ಸರಿಸಿ, "ಇಲ್ಲೈತಿ" ಎಂದೆ.

"ಬ್ಯಾರೆ ಬರದೀಯಲ್ಲ?"

"ಹೂಂ, ಬ್ಯಾರೆನ ಬರದೀನಿ."

ಉಳಿದ ಭಜಿಯನ್ನು ಕಾಗದದಲ್ಲಿ ಕಟ್ಟಿಕೊಟ್ಟಳು. ಬಸ್ಸಿನಲ್ಲಿ ತಿಂದೆ, ಬಹಳ ರುಚಿಯಾಗಿತ್ತು.

ಎರಡು ತಿಂಗಳ ನಂತರ ರಜೆಗೆ ಶಿರಹಟ್ಟಿಗೆ ಬಂದೆ. ಆ ಹಿಂದೆ ಮನೆಗೆ ಬಂದಾಗ ನೂರು ಹಾಳೆಗಳನ್ನೂ ಕಟ್ಟಿ ಗೋಡೆಯ ಗೂಡಿನಲ್ಲಿ ಇಟ್ಟು ಹೋಗಿದ್ದೆ. ಲೆಕ್ಕ ಹಾಕಿ ಮುಗಿದಿತ್ತು. ಅಪ್ಪನ ಬಗ್ಗೆ ಇಲ್ಲಿ ಹೇಳಬೇಕು. ಅವನು ಶಿರಹಟ್ಟಿಯ ತಾಲೂಕು ಕಚೇರಿಯಲ್ಲಿ ರೇಶನ್ ಕಾರ್ಡಿನ ಅರ್ಜಿಗಳನ್ನು ನೋಡುವ ಗುಮಾಸ್ತ; ಲಕ್ಷ್ಮೇಶ್ವರವೂ ಆಗ ಅದೇ ತಾಲೂಕಿನದು. ಲಂಚ ಮುಟ್ಟಿದವನಲ್ಲ, ಕಡತ ಬಾಕಿ ಇಟ್ಟವನೂ ಅಲ್ಲ. ಬಾಕಿ ಕಡತವೊಂದು ಮೇಜಿನ ಮೇಲಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅಂದು ಊಟಕ್ಕೆ ಕೂತಾಗ ಬಹಳ ಖುಷಿಯಲ್ಲಿದ್ದ.

"ನಿನ್ನ ಎಂ.ಎ. ಒಂದ ಉಪಯೋಗಕ್ಕ ಬಂತ ನೋಡವಾ" ಎಂದ.

ನಾನು ರೊಟ್ಟಿ ಮುರಿಯುತ್ತಿದ್ದೆ. ಏನೆಂದು ಕೇಳಿದೆ.

"ಲಕ್ಷ್ಮೇಶ್ವರದಾಕಿ ಒಬ್ಬಾಕಿ ಅರ್ಜಿ ಕೊಟ್ಟಿದ್ಲು. ಬ್ಯಾರೆ ಸಂಸಾರ ಐತಿ, ಕಾರ್ಡು ಕೊಡ್ರಿ ಅಂತ. ಸೊಸಾಯಟಿ ಅಕ್ಕೋರು ಬಂದು ಒಲಿ ನೋಡಿ ಬರಕೊಂಡ ಹೋಗ್ಯಾರ, ಅವರನ್ನ ಕೇಳ್ರಿ ಅಂತ ಬರಸ್ಯಾಳ. ಯಾರಪ್ಪಾ ಇವರು ಅಂತ ವಿಚಾರ ಮಾಡಿದರ ನೀನ! ನಾನ ಗೂಡಿನ್ಯಾಗಿಂದ ತಗದು ನೋಡಿದೆ. ಚಂದ ಬರದೀ. ಯಜಮಾನ ಮೈದುನ, ಇಕಿ ಒಬ್ಬಾಕಿ ಸದಸ್ಯಳು. ಒಂದ ಸಂಸಾರ. ವಿಚಾರಣಿ ಮುಗೀತು ಅಂತ ಬರದು ಅರ್ಜಿ ವಾಪಸ್ ಕಳಿಸಿದೆ. ಆ ಬಿಸಿಲಾಗ ಲಕ್ಷ್ಮೇಶ್ವರಕ್ಕ ಹೋಗೂದು ತಪ್ಪಿಸಿದಿ."

ತಟ್ಟೆ ಬಿಟ್ಟು ಎದ್ದೆ. ಅದು ಸರಕಾರದ ಕಾಗದ ಅಲ್ಲ, ನನ್ನ ಓದಿನದು, ಅದನ್ನು ನೀನು ಹೇಗೆ ಮುಟ್ಟಿದೆ, ಒಂದು ಸಲ ಹೋಗಿ ಅವಳ ಒಲೆ ನೋಡಲು ನಿನಗೇನಾಗಿತ್ತು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅಪ್ಪನ ಜೊತೆ ನಾನು ಹಾಗೆ ಎಂದೂ ಮಾತಾಡಿರಲಿಲ್ಲ. ಅವ್ವ ಒಳಗಿನಿಂದ ಓಡಿ ಬಂದಳು.

ಅಪ್ಪನಿಗೆ ನಿಜಕ್ಕೂ ಅರ್ಥವಾಗಲಿಲ್ಲ. "ಅಲ್ಲವಾ, ಆ ಅಕ್ಷರ ನಿಂದ ಹೌದಲ್ಲ?" ಎಂದ.

"ಹೌದು."

"ನೀ ಹೋಗಿ ಕಣ್ಣಾರೆ ನೋಡಿದ್ದಿ ಹೌದಲ್ಲ?"

"ಹೌದು."

"ಮತ್ತ ಸುಳ್ಳ ಯಾಕ ಬರದಿ?"

ಮಾರ್ಗದರ್ಶಕರ ನಿಯಮ ಎನ್ನಲೇ, ಬಸ್ಸು ಎನ್ನಲೇ? ಸಿಟ್ಟೆಲ್ಲ ತಿರುಗಿ ನನ್ನ ಮೇಲೇ ಬಂತು. ಇದು ಸರಕಾರದ ಕಾಗದ ಅಲ್ಲ ಎಂದು ಮುಂಡರಗಿಯಲ್ಲಿ ಕೂಗಿ ಹೇಳಿದ್ದೆ, ಚಾಚಿಗೂ ಹೇಳಿದ್ದೆ, ಯಾರೂ ನಂಬಿರಲಿಲ್ಲ. ಅವರೇ ಸರಿ. ನೂರರಲ್ಲಿ ಒಂದು ಹಾಳೆ ಸರಕಾರದ ಕೆಲಸ ಮಾಡಿತು, ಅದೂ ನಾನು ಸುಳ್ಳು ಬರೆದದ್ದು.

ನಾನು ತಣ್ಣಗಾದ ಮೇಲೆ ಅಪ್ಪ ದಾರಿ ಹೇಳಿಕೊಟ್ಟ. ಹೊಸ ಅರ್ಜಿ ಬರೆಸು, ಒಲೆ ಬೇರೆ ಇದೆ ಎಂದು ಓಣಿಯ ಐದು ಮಂದಿಯ ಸಹಿ ಹಾಕಿಸು, ನಾನೇ ಬಂದು ನೋಡುತ್ತೇನೆ ಎಂದ. ಮರುದಿನವೇ ಹೊರಡಬೇಕಿತ್ತು. ಆದರೆ ಪ್ರಬಂಧ ಒಪ್ಪಿಸುವ ದಿನ ಹತ್ತಿರ ಬಂದಿತ್ತು, ಅದರ ಹಿಂದೆಯೇ ಪರೀಕ್ಷೆ. ಮುಗಿಸಿ ಹೋಗೋಣ, ಒಲೆ ಎಲ್ಲಿ ಓಡಿಹೋಗುತ್ತದೆ ಎಂದುಕೊಂಡೆ. ಪ್ರಬಂಧವನ್ನಾದರೂ ತಿದ್ದಿದೆನೇ ಎಂದರೆ ಅದೂ ಇಲ್ಲ. ನೂರು ಕುಟುಂಬದ ಲೆಕ್ಕ ನೂರಾ ಒಂದಾದರೆ ಎಲ್ಲ ಕೋಷ್ಟಕಗಳನ್ನೂ ಹೊಸದಾಗಿ ಟೈಪು ಮಾಡಿಸಬೇಕಾಗುತ್ತಿತ್ತು. ಮಾರ್ಗದರ್ಶಕರು ಪ್ರಬಂಧವನ್ನು ಮೆಚ್ಚಿ, ಜಾಗತಿಕ ಸಮಸ್ಯೆಯನ್ನು ಸ್ಥಳೀಯವಾಗಿ ಚೆನ್ನಾಗಿ ನೋಡಿದ್ದೀ ಎಂದರು. ನನಗೆ ಮೊದಲ ದರ್ಜೆ ಬಂತು.

ಪರೀಕ್ಷೆಯೆಲ್ಲ ಮುಗಿದ ಮೇಲೆ ಲಕ್ಷ್ಮೇಶ್ವರಕ್ಕೆ ಹೊರಟಾಗ ಚೀಲದಲ್ಲಿ ಹೊಸ ಅರ್ಜಿಯ ಕಾಗದ ಇತ್ತು. ಅಪ್ಪನೇ ತನ್ನ ಕೈಯಾರೆ ಅರ್ಧ ಬರೆದು ಕೊಟ್ಟಿದ್ದ; ಹೆಸರು ತುಂಬಿ ಐದು ಸಹಿ ಹಾಕಿಸುವುದಷ್ಟೇ ಬಾಕಿ. ಚಾಚಿಯ ಮುಂದೆ ಏನು ಹೇಳಬೇಕು, ತಪ್ಪನ್ನು ಹೇಗೆ ಒಪ್ಪಿಕೊಳ್ಳಬೇಕು ಎಂದು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ. ಹಿಂದಿನ ಕೋಣೆಗೆ ಹೋದರೆ ಅಲ್ಲಿ ಉಳ್ಳಾಗಡ್ಡಿಯ ಚೀಲಗಳಿದ್ದವು. ಸ್ಟೋವ್ ಇದ್ದ ಜಾಗದಲ್ಲಿ ನೆಲದ ಮೇಲೆ ಒಂದು ಕಪ್ಪು ಉಂಗುರ ಉಳಿದಿತ್ತು.

ಚಾಚಿ ಮುಂದಿನ ಅಡುಗೆಮನೆಯಲ್ಲಿ, ಮೈದುನನ ಮನೆಯ ಕಟ್ಟಿಗೆ ಒಲೆಯ ಮುಂದೆ ಕೂತು ಭಜಿ ಕರಿಯುತ್ತಿದ್ದಳು. ಹಿಟ್ಟು ಕಲಸುತ್ತಿದ್ದ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ನನ್ನನ್ನು ನೋಡಿ ಹಿಟ್ಟಿನ ಕೈಯಲ್ಲೇ ಎದ್ದು ಹೋದಳು. ಅರ್ಜಿ ವಾಪಸ್ ಬಂದ ದಿನ ಮೈದುನ ಅದನ್ನು ಓದಿ ಹೇಳಿದ್ದನಂತೆ. ಒಂದೇ ಸಂಸಾರ ಎಂದು ಕಚೇರಿಯವರೇ ಬರೆದ ಮೇಲೆ ನಿನಗೆ ಬೇರೆ ಎಣ್ಣೆ ಯಾಕೆ ಎಂದು ಕೊಡುವುದನ್ನು ನಿಲ್ಲಿಸಿದನಂತೆ. ಒಂದು ತಿಂಗಳು ಆಕೆ ಅವರಿವರಲ್ಲಿ ಬೇಡಿ ನಡೆಸಿದಳು. ಊರಿಗೇ ಎಣ್ಣೆ ಇಲ್ಲದಾಗ ಯಾರು ಎಷ್ಟು ದಿನ ಕೊಟ್ಟಾರು? ಸ್ಟೋವನ್ನು ಮಾರಿದಳು. ಈಗ ಭಜಿ ಕರಿಯುವುದು ಆಕೆ, ಬಸ್ ನಿಲ್ದಾಣದಲ್ಲಿ ಬಂಡಿ ಇಟ್ಟು ಮಾರುವುದು ಮೈದುನ.

ಇದನ್ನೆಲ್ಲ ಬಾಣಲೆಯಿಂದ ಕಣ್ಣು ತೆಗೆಯದೆ, ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ ಹೇಳಿದಳು. ನಾನು ಚೀಲದಿಂದ ಅರ್ಜಿ ತೆಗೆದೆ. ತಪ್ಪು ನನ್ನದು ಚಾಚಿ, ಅವತ್ತು ನಿಮ್ಮ ಹೆಸರು ಬೇರೆ ಬರೆದಿರಲಿಲ್ಲ, ಈಗ ಬರೆಯೋಣ, ಅಪ್ಪ ತಾನೇ ಬಂದು ಒಲೆ ನೋಡುತ್ತಾನೆ ಎಂದೆ. ಜೋಡಿಸಿಟ್ಟುಕೊಂಡ ಮಾತೆಲ್ಲ ಇಷ್ಟರಲ್ಲೇ ಮುಗಿಯಿತು.

ಚಾಚಿ ಝಾರಿ ಸೌಟಿನಿಂದ ಭಜಿ ಎತ್ತಿ ಬುಟ್ಟಿಗೆ ಹಾಕಿದಳು. ಎರಡು ಭಜಿಯನ್ನು ಕಾಗದದ ಮೇಲಿಟ್ಟು ನನ್ನ ಕಡೆ ಸರಿಸಿದಳು. ಈ ಸಲ ತಂಗಿ ಎನ್ನಲಿಲ್ಲ.

"ಯಾವ ಒಲಿ ನೋಡತಾರ್ರಿ ಅಕ್ಕೋರ? ನೀವು ಹಾಳ್ಯಾಗ ಬರದದ್ದು ಈಗ ಖರೆ ಆತಲ್ಲ."